ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ನೆರವಾಗುವ ಕೆಲಸದಲ್ಲಿ ತೃಪ್ತಿ ಸಿಗುತ್ತದೆಯೇ?

ಸಿಗುತ್ತದೆ. ಸಾಫ್ಟ್‌ವೇರ್ ಬಿಟ್ಟು ಅಮೆರಿಕದ ಕಮ್ಯುನಿಟಿ ಕಾಲೇಜೊಂದರ (ಹೆಚ್ಚಾಗಿ ಎರಡು ವರ್ಷದ ಕೋರ್ಸುಗಳಿರುವ, ಕಡಿಮೆ ಫೀಸಿನ ಸರ್ಕಾರಿ ಕಾಲೇಜು) ಆಫೀಸಿಗೆ ಸೇರಿದರೆ ಬರೀ ಫಾರ್ಮ್ ತುಂಬಿಸುವುದರಲ್ಲೇ ಜೀವನ ಕಳೆದುಹೋಗುತ್ತದಾ ಅಂತ ಕೇಳಿದ್ದೀರಿ. ನಾನು ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ಒಂದು ಕಾಲೇಜಿನ ಫೈನಾನ್ಶಿಯಲ್ ಏಡ್, ಅಂದರೆ ವಿದ್ಯಾರ್ಥಿಗಳಿಗೆ ಹಣದ ನೆರವು ಕೊಡಿಸುವ ವಿಭಾಗದಲ್ಲಿದ್ದೇನೆ. ನಿಜ, ದಿನದ ಬಹುಪಾಲು ಫಾರ್ಮುಗಳೇ. ಆದರೆ ಒಬ್ಬರ ಓದು ಮುಂದುವರಿಯುವುದೋ ನಿಲ್ಲುವುದೋ ಎಷ್ಟೋ ಸಲ ಆ ಫಾರ್ಮುಗಳಲ್ಲೇ ತೀರ್ಮಾನವಾಗುತ್ತದೆ.

ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಇಲ್ಲಿಯ ನಿವಾಸಿಗಳಿಗೆ ಯೂನಿಟ್‌ಗೆ (ಕೋರ್ಸಿನ ಓದನ್ನು ಅಳೆಯುವ ಲೆಕ್ಕ) 46 ಡಾಲರ್ ಫೀಸು, ಬಡವರಿಗೆ ಅದೂ ಮಾಫಿ. ಹಾಗಿದ್ದರೂ ಜನ ಓದು ಬಿಡುತ್ತಾರೆ, ಏಕೆಂದರೆ ಬಾಡಿಗೆ ಕಟ್ಟಬೇಕು, ಕಾರು ಕೆಡುತ್ತದೆ, ಮಗುವನ್ನು ನೋಡಿಕೊಳ್ಳುವವರು ಸಿಗುವುದಿಲ್ಲ. ಬಡ ವಿದ್ಯಾರ್ಥಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಅನ್ನುವ ಸಹಾಯಧನ ಇಂಥವರ ಕೈಹಿಡಿಯುತ್ತದೆ. ಅದು ನಿಂತರೆ ಓದೂ ನಿಂತ ಹಾಗೆ.

ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಅನಾಟಮಿ ಕ್ಲಾಸಿಗೆ ಬರುತ್ತಿದ್ದ ಒಬ್ಬ ಹೆಂಗಸಿದ್ದರು, ನರ್ಸ್ ಆಗಬೇಕೆಂದು. ತಾಯಿ ಹಾಸಿಗೆ ಹಿಡಿದಾಗ ತೆಗೆದುಕೊಂಡಿದ್ದ 12 ಯೂನಿಟ್‌ನಲ್ಲಿ 6 ಬಿಟ್ಟರು. ಗ್ರಾಂಟ್ ಮುಂದುವರಿಯಬೇಕಾದರೆ ಸಾಮಾನ್ಯವಾಗಿ ತೆಗೆದುಕೊಂಡ ಯೂನಿಟ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಮುಗಿಸಿರಬೇಕು. ಮಧ್ಯದಲ್ಲಿ ಬಿಟ್ಟವೂ ತೆಗೆದುಕೊಂಡವುಗಳ ಲೆಕ್ಕಕ್ಕೇ ಬರುತ್ತವೆ. ಗ್ರಾಂಟ್ ನಿಂತಿದೆ ಅಂತ ಮೇಲ್ ಹೋಯಿತು. ‘ನೀನು ಓದೋಕೆ ಲಾಯಕ್ಕಿಲ್ಲ ಅಂದಿದ್ದಾರೆ’ ಅಂತಲೇ ಅವರು ಅದನ್ನು ಓದಿಕೊಂಡಿದ್ದರು. ಅಪೀಲು ಹಾಕಬಹುದು ಅನ್ನುವ ಸಾಲು ಅದೇ ಮೇಲ್‌ನ ಕೆಳಗಿತ್ತು.

ಬರೆದು ತಂದಿದ್ದ ಅಪೀಲು ಪತ್ರದ ತುಂಬ ಕ್ಷಮೆ ಕೇಳಿದ್ದರು. ಕ್ಷಮೆ ಯಾರಿಗೂ ಬೇಕಾಗಿಲ್ಲ. ಏನಾಯಿತು, ಅದಕ್ಕೆ ದಾಖಲೆ ಏನು, ಈಗ ಏನು ಬದಲಾಗಿದೆ, ಇಷ್ಟೇ ನೋಡುವುದು. ‘ಈಗ ಅಮ್ಮನನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?’ ಅಂತ ಕೇಳಿದೆ. ‘ತಂಗಿ ಬಂದು ನಮ್ಮ ಜೊತೆಗೇ ಇದ್ದಾಳೆ’ ಅಂದರು. ಪತ್ರದಲ್ಲಿ ಇರಬೇಕಾಗಿದ್ದ ಮಾತು ಅದೊಂದೇ, ಅದೇ ಇರಲಿಲ್ಲ. ಪಕ್ಕದಲ್ಲಿ ಕೂತು ಮತ್ತೆ ಬರೆಸಿದೆ. ಅಪೀಲು ಮಂಜೂರಾಯಿತು.

ನಿಯಮ ಗೊತ್ತಿದ್ದು, ಎದುರಿಗಿರುವವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರು ಆ ಕುರ್ಚಿಯಲ್ಲಿ ಇರಲೇಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಈ ಕೆಲಸದ ಬೆಲೆ ನನಗೆ ಅಲ್ಲೇ ಸಿಕ್ಕಿದೆ.

ಕಷ್ಟವೂ ಇದೆ. ನಮ್ಮಲ್ಲಿಗೆ ಬಂದು ಹೋದವರು ಮುಂದೆ ಏನಾದರು ಅನ್ನುವುದು ಹೆಚ್ಚಾಗಿ ತಿಳಿಯುವುದೇ ಇಲ್ಲ. ಫಲ ಕಣ್ಣಿಂದ ನೋಡಲೇಬೇಕು ಅನ್ನುವ ಸ್ವಭಾವ ನಿಮ್ಮದಾದರೆ ಕೊರಗುತ್ತೀರಿ. ಸಂಬಳ ನಿಮ್ಮ ಈಗಿನದರ ಹತ್ತಿರಕ್ಕೂ ಬರಲಿಕ್ಕಿಲ್ಲ, ಆದರೆ ಕಾಯಂ ಹುದ್ದೆಗೆ ಪಿಂಚಣಿ ಇದೆ. ಸೇರುವ ಮೊದಲು ಎರಡು ವಿಷಯ ಕೇಳಿ: ಹುದ್ದೆಗೆ ದುಡ್ಡು ಕಾಲೇಜಿನ ಬಜೆಟ್‌ನಿಂದಲೋ, ಅವಧಿ ಮುಗಿದರೆ ನಿಲ್ಲುವ ಅನುದಾನದಿಂದಲೋ? ಒಬ್ಬ ವಿದ್ಯಾರ್ಥಿಗೆ ಎಷ್ಟು ಹೊತ್ತು ಕೊಡಲು ಬಿಡುತ್ತಾರೆ? ಹತ್ತೇ ನಿಮಿಷ ಅಂದರೆ ನಾನಾದರೆ ಬೇರೆ ಕಾಲೇಜು ನೋಡುತ್ತೇನೆ.