ಕಾಲು ಉಳುಕಿ ಎರಡು ತಿಂಗಳಾದರೂ ಹೊರಗಿನ ಗಿಣ್ಣಿನ ಹಿಂದೆ ನೋವು ಹೋಗಿಲ್ಲ, ಏನಿರಬಹುದು?

ಶಟಲ್ ಆಡುವಾಗ ಕಾಲು ಉಳುಕಿತು, ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು, ಈಗಲೂ ಮೆಟ್ಟಿಲು ಇಳಿಯುವಾಗ ಗಿಣ್ಣಿನ ಹಿಂದೆ 'ಟಕ್' ಅನ್ನುತ್ತದೆ ಅಂತ ಬರೆದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಆ 'ಟಕ್' ಅನ್ನು ಸುಮ್ನೆ ಬಿಡಬೇಡಿ.

ಸಾಮಾನ್ಯ ಉಳುಕಿನಲ್ಲಿ ಪೆಟ್ಟು ಬೀಳುವುದು ಲಿಗಮೆಂಟಿಗೆ, ಅಂದರೆ ಮೂಳೆಗೆ ಮೂಳೆ ಜೋಡಿಸುವ ಕಟ್ಟಿಗೆ. ಆ ನೋವು ಹೆಚ್ಚಾಗಿ ಗಿಣ್ಣಿನ ಮುಂದೆ, ಸ್ವಲ್ಪ ಕೆಳಗೆ ಇರುತ್ತದೆ. ನಿಮಗೆ ನೋಯುತ್ತಿರುವುದು ಹಿಂದೆ, ಅಲ್ವಾ? ಅಲ್ಲಿ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಗಳು, ಅಂದರೆ ಪೆರೋನಿಯಲ್ ಟೆಂಡನ್‌ಗಳು ಎರಡಿವೆ. ಒಂದು ಬ್ರೆವಿಸ್, ಅದು ಗಿಣ್ಣಿನ ಮೂಳೆಗೆ ಒತ್ತಿಕೊಂಡೇ ಇಳಿದು ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಸಾಲಿನ ಮೂಳೆಯ ಬುಡಕ್ಕೆ ಸೇರುತ್ತದೆ. ಅದರ ಹಿಂದಿರುವ ಇನ್ನೊಂದು, ಲಾಂಗಸ್, ಅಂಗಾಲಿನಡಿ ಅಡ್ಡ ಹಾಯ್ದು ಹೆಬ್ಬೆರಳಿನ ಕಡೆಗೆ ಹೋಗುತ್ತದೆ. ಮೂಳೆಗೂ ಲಾಂಗಸ್‌ಗೂ ನಡುವೆ ಸಿಕ್ಕಿ ಬ್ರೆವಿಸ್ ಉದ್ದಕ್ಕೆ ಸೀಳುವುದುಂಟು. ಎರಡನ್ನೂ ಜಾಗದಲ್ಲಿ ಹಿಡಿದಿಡುವ ಪಟ್ಟಿ ಹರಿದರೆ ಟೆಂಡನ್ ಮೂಳೆ ದಾಟಿ ಮುಂದೆ ಜಾರುತ್ತದೆ. ನಿಮ್ಮ 'ಟಕ್' ಅದೇ ಇರಬಹುದು.

ಕಾಲು ಇಳಿಬಿಟ್ಟು ಕೂತು, ಗಿಣ್ಣಿನ ಹಿಂದೆ ಬೆರಳಿಡಿ. ಪಾದವನ್ನು ಮೇಲಕ್ಕೂ ಹೊರಕ್ಕೂ ತಿರುಗಿಸಿ. ಬೆರಳಡಿ ಹಗ್ಗದಂಥದ್ದು ಜಾರಿದರೆ ಗೊತ್ತಾಗುತ್ತದೆ. ಒಮ್ಮೆ ನೋಡಿದರೆ ಸಾಕು, ಪದೇ ಪದೇ ಜಾರಿಸಬೇಡಿ. ಮೂಳೆ ಡಾಕ್ಟರಿಗೆ ಇದನ್ನೇ ಮಾಡಿ ತೋರಿಸಿ. ಪಾದ ಆಡಿಸುತ್ತಾ ಮಾಡುವ ಅಲ್ಟ್ರಾಸೌಂಡ್ ಬಗ್ಗೆಯೂ ಕೇಳಿ. ಎಂಆರ್‌ಐನಲ್ಲಿ ಕಾಲು ಅಲ್ಲಾಡದೆ ಇರುವುದರಿಂದ ಜಾರುವುದು ಕಾಣದೇ ಹೋಗಬಹುದು. ಸೀಳು ನೋಡಲು ಮಾತ್ರ ಅದು ಒಳ್ಳೆಯದು.

ಬರೀ ಬಾವು ಅಥವಾ ಸಣ್ಣ ಸೀಳಾದರೆ ಕೆಲವು ವಾರ ವಾಕಿಂಗ್ ಬೂಟು, ಆಮೇಲೆ ನಿಧಾನವಾಗಿ ವ್ಯಾಯಾಮ. ರಬ್ಬರ್ ಬ್ಯಾಂಡ್ ಎಳೆದು ಪಾದ ಹೊರಕ್ಕೆ ತಳ್ಳುವುದು, ಹಿಮ್ಮಡಿ ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು. ಅಂಗಾಲಿನ ಕಮಾನು ಜಾಸ್ತಿ ಇದ್ದವರಿಗೆ ಶೂ ಒಳಗೆ ಹೊರ ಅಂಚು ಎತ್ತರಿಸಿದ ಅಟ್ಟೆ ಹಾಕದಿದ್ದರೆ ನೋವು ಮರಳುವುದನ್ನು ನಾನು ನೋಡುತ್ತಲೇ ಇದ್ದೇನೆ. ಟೆಂಡನ್ ಜಾರುತ್ತಲೇ ಇದ್ದರೆ ವ್ಯಾಯಾಮದಿಂದ ಪಟ್ಟಿ ಕೂಡುವುದಿಲ್ಲ. ಆಡುವವರಿಗೆ ಆಪರೇಷನ್ನೇ ಸರಿ. ಪಟ್ಟಿ ಹೊಲಿಯುತ್ತಾರೆ, ಬೇಕಾದರೆ ಮೂಳೆಯ ಹಿಂದಿನ ತಗ್ಗು ಆಳ ಮಾಡುತ್ತಾರೆ. ಆಟಕ್ಕೆ ಮರಳಲು ಸುಮಾರು 4ರಿಂದ 6 ತಿಂಗಳು ಹಿಡಿಯಬಹುದು.

ದಯವಿಟ್ಟು ಉಳುಕು ತೆಗೆಯುವವರ ಹತ್ತಿರ ಹೋಗಿ ಜೋರಾಗಿ ನೀವಿಸಿಕೊಳ್ಳಬೇಡಿ. ಸ್ಟೀರಾಯ್ಡ್ ಇಂಜೆಕ್ಷನ್‌ಗೂ ಅವಸರ ಬೇಡ, ಟೆಂಡನ್ ದುರ್ಬಲವಾಗಿ ಪೂರ್ತಿ ಹರಿಯುವ ಅಪಾಯವಿದೆ. ಪಾದ ಹೊರಕ್ಕೆ ತಿರುಗಿಸುವ ಶಕ್ತಿಯೇ ಕಡಿಮೆ ಅನ್ನಿಸುತ್ತಿದ್ದರೆ ಈ ವಾರವೇ ತೋರಿಸಿ. ಅಲ್ಲಿಯವರೆಗೆ ಶಟಲ್ ಬೇಡ.