ತೀರಿಹೋದ ಸದಸ್ಯರ ಮಾಹಿತಿಯನ್ನು ಯಾರೂ ಏಕೆ ಅಳಿಸುವುದಿಲ್ಲ?

ಶಿರಸಿಯ ನಿಮ್ಮ ಸಂಘದ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ಅಡಿಕೆ ಲೆಕ್ಕ, ತೀರಿಹೋದವರ ಆಧಾರ್ ಪ್ರತಿಗಳೂ ಸೇರಿ, ಹಾಗೆಯೇ ಬಿದ್ದಿರುವುದೇಕೆ ಎಂದು ಕೇಳಿದ್ದೀರಿ. ಕಾರವಾರದ ಒಂದು ಸಂಘದಲ್ಲಿ ಇಂಥದೇ ಲೆಕ್ಕ ನೋಡಿಕೊಳ್ಳುವವನು ನಾನು; ನಾನೂ ಅಳಿಸುವುದಿಲ್ಲ.

ಜಾಗ ಅಗ್ಗವಾದದ್ದು ಒಂದು ಕಾರಣ. 1956ರ ಮೊದಲ ಹಾರ್ಡ್ ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಇಂದು ಮೊಬೈಲಿನ ಒಂದು ಫೋಟೊಗೇ ಅಷ್ಟು ಬೇಕಾಗಬಹುದು. ಆದರೆ ನಿಜವಾದ ಕಾರಣ ಹೊಣೆಗಾರಿಕೆ. ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ, ಅಳಿಸಿದರೆ ಅಳಿಸಿದವನ ಕುತ್ತಿಗೆಗೆ ಬರುತ್ತದೆ. ಒಮ್ಮೆ ನಾನು ತೀರಿಹೋದ ಸದಸ್ಯರೊಬ್ಬರ ಹೆಸರನ್ನು ತೆಗೆದೆ. ಅವರ ಸಾಲ, ಷೇರು, ಮಗನಿಗಾದ ವರ್ಗಾವಣೆ ಎಲ್ಲವೂ ಅವರ ಒಂದೇ ಸದಸ್ಯ ಸಂಖ್ಯೆಗೆ ಅಂಟಿಕೊಂಡಿದ್ದವು. ಸಂಜೆ ಲೆಕ್ಕ ತಾಳೆಯಾಗಲಿಲ್ಲ. ಬ್ಯಾಕಪ್‌ನಿಂದ ಮರಳಿ ತರುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಅಂದಿನಿಂದ ಹೆಸರಿನ ಮುಂದೆ ‘ನಿಷ್ಕ್ರಿಯ’ ಎಂದು ಗುರುತು ಹಾಕುತ್ತೇನೆ, ಅಷ್ಟೇ. ಬಹುತೇಕ ಕಡೆ ನಡೆಯುವುದು ಹೀಗೆಯೇ.

ಕಾನೂನೂ ಎರಡು ಕಡೆಗೆ ಎಳೆಯುತ್ತದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಇಡಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೋ, ಉದ್ದೇಶ ತೀರಿದ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂಬುದು.

ಆದ್ದರಿಂದ ಲೆಕ್ಕದ ಸಾಲುಗಳನ್ನು ಈಗ ಮುಟ್ಟಬೇಡಿ. ಆಧಾರ್ ಪ್ರತಿಗಳಿಂದ ಶುರುಮಾಡಿ; ಸೋರಿದರೆ ಆ ಮನೆಯವರಿಗೆ ತೊಂದರೆ ತರುವುದು ಅವೇ. ಯಾವುದನ್ನು ಯಾವಾಗ ಅಳಿಸಬೇಕೆಂದು ಆಡಳಿತ ಮಂಡಳಿಯಿಂದ ಠರಾವು ಮಾಡಿಸಿಕೊಳ್ಳಿ. ಕಪಾಟಿನಲ್ಲಿರುವ ಹಳೆಯ ಬ್ಯಾಕಪ್ ಡಿಸ್ಕನ್ನೂ ಮರೆಯಬೇಡಿ, ಅದರಲ್ಲೂ ಇದೇ ಪ್ರತಿಗಳಿರುತ್ತವೆ.