ಮಕ್ಕಳಿಗೆ ದುಡಿಕೊಟ್ಟ್ ಪಾಟ್ ಹೇಳಿಕೊಡೋದು ಹೇಗೆ ಅಂತ ಕೇಳಿದ ಟೀಚರ್‌ಗೆ

ಟೀಚರೇ, ನಿಮ್ಮ ನಾಲ್ಕನೇ ಕ್ಲಾಸಿನ ಮಕ್ಕಳು ಒಬ್ಬರ ಮಾತು ಒಬ್ಬರು ಕೇಳಲ್ಲ, ನಮ್ಮ ಕೊಡಗಿನ ದುಡಿಕೊಟ್ಟ್ ಪಾಟ್, ಅಂದರೆ ದುಡಿ ಅನ್ನೋ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವ ಹಾಡು, ಕಲಿಸಿದರೆ ನಡತೆ ತಿದ್ದಬಹುದಾ ಅಂತ ಕೇಳಿದ್ದೀರಿ. ಮೂರು ವರ್ಷದಿಂದ ನಮ್ಮೂರ ಶಾಲೆಯಲ್ಲಿ ಶನಿವಾರ ಒಂದು ಪೀರಿಯಡ್ ಹೇಳಿಕೊಡುತ್ತಿದ್ದೇನೆ. ಖಂಡಿತ ಆಗುತ್ತೆ. ಹಾಡಿನ ಅರ್ಥಕ್ಕಿಂತ ಜಾಸ್ತಿ ಕೆಲಸ ಮಾಡೋದು ಹಾಡುವ ಕ್ರಮ.

ದುಡಿ ಹಾಡಿನಲ್ಲೇ ಒಂದು ಬಗೆಯಾದ ಬಾಳೋಪಾಟ್‌ಗೆ ನಾಲ್ಕು ಜನ ಬೇಕು, ಅಲ್ವಾ? ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಕಿವಿಗೊಡದಿದ್ದರೆ ಹಾಡು ಅಲ್ಲೇ ನಿಲ್ಲುತ್ತೆ. ಜೋಡಿಗಳನ್ನು ನೀವೇ ಮಾಡಿ. ಗಲಾಟೆ ಮಾಡುವವನ ಪಕ್ಕ ಮೆಲ್ಲಗೆ ಮಾತಾಡುವ ಮಗು ಇರಲಿ. ಮೊದಲು ಹೇಳುವ ಜೋಡಿ ವಾರ ವಾರ ಬದಲಾಗಲಿ.

ದುಡಿ ಎರಡೇ ಸಾಕು, ಉಳಿದವರು ತೊಡೆ ತಟ್ಟಲಿ. ಹಾಡುವವರೇ ಬಾರಿಸೋದು ನಮ್ಮ ಕ್ರಮ, ಆದರೆ ಮಕ್ಕಳಿಗೆ ಹಾಡೋದು, ಬಾರಿಸೋದು ಎರಡೂ ಒಟ್ಟಿಗೆ ಬೇಡ. ಮೊದಲ ವರ್ಷ ನಾನು ಎಲ್ಲರ ಕೈಗೂ ಏನಾದರೊಂದು ಕೊಟ್ಟುಬಿಟ್ಟೆ. ಬರೀ ಸದ್ದು, ಯಾರಿಗೂ ಯಾರ ಹಾಡೂ ಕೇಳಲಿಲ್ಲ. ಮಳೆಗಾಲದಲ್ಲಿ ದುಡಿಯ ಚರ್ಮ ಸಡಿಲ ಆಗುತ್ತೆ, ಒಲೆಯ ಕಾವಿಗೆ ದೂರದಿಂದ ಹಿಡಿಯಿರಿ.

ಕಳೆದ ವರ್ಷ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಬರಲ್ಲ, ಕನ್ನಡವೂ ಅಷ್ಟಕ್ಕಷ್ಟೆ. ಅವನಿಗೆ ದುಡಿ ಕೊಟ್ಟೆ. ಎಡಗೈಯಲ್ಲಿ ದುಡಿ, ಬಲಗೈಯಲ್ಲಿ ಸಣ್ಣ ಕೋಲು, ಕಣ್ಣು ಮಾತ್ರ ಹಾಡುವವರ ಬಾಯಿ ಮೇಲೆ. ಅವರು ಅವಸರ ಮಾಡಿದರೂ ಇವನ ತಾಳ ಅಲ್ಲಾಡಲಿಲ್ಲ, ಕೊನೆಗೆ ಅವರೇ ಇವನ ಹದಕ್ಕೆ ಬಂದರು. ಈಗ 'ಅವನು ಬರಲಿ, ಆಮೇಲೆ ಶುರು ಮಾಡೋಣ' ಅಂತ ಮಕ್ಕಳೇ ಕಾಯುತ್ತಾರೆ. ನನಗೆ ಅವತ್ತು ಕಣ್ಣು ತುಂಬಿತ್ತು.

ಸಾಹಿತ್ಯಕ್ಕೆ ನಡಿಕೇರಿಯಂಡ ಚಿಣ್ಣಪ್ಪನವರ 1924ರ ಕೊಡವ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' ಇದೆ. ಕನ್ನಡ ಲಿಪಿಯಲ್ಲೇ ಇರೋದರಿಂದ ನೀವೂ ಓದಬಹುದು. ಉದ್ದದ ಹಾಡುಗಳು, ನಾಲ್ಕೈದು ಸಾಲು ಸಾಕು. ಉಚ್ಚಾರಣೆಗೆ ಊರಿನ ಹಿರಿಯರೊಬ್ಬರನ್ನು ಕರೆಸಿ. ಅವರಿಗೆ ಕುರ್ಚಿ ಹಾಕೋದು, ನೀರು ಕೊಡೋದು ಮಕ್ಕಳ ಕೆಲಸವೇ ಆಗಲಿ. ಶುರುವಿಗೆ ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಕೂಗುವ 'ಪೊಲಿ ಪೊಲಿ ದೇವಾ' ಸುಲಭ. ಪೊಲಿ ಅಂದರೆ ಹೆಚ್ಚಲಿ ಅಂತ ಹೇಳಿ.

ಕೊಡವ ಹಾಡಿಗೇ ನಿಲ್ಲಿಸಬೇಡಿ. ಎರವ ಬುಡಕಟ್ಟಿನ ಮಕ್ಕಳ ಮನೆಯಲ್ಲೂ ದುಡಿ ಇರುತ್ತೆ, ಅರೆಭಾಷೆ ಮಾತಾಡುವ ಗೌಡರಲ್ಲಿ ಸೋಬಾನೆ ಹಾಡು ಇದೆ. ಅಜ್ಜಿ ಹತ್ತಿರ ಕೇಳಿಕೊಂಡು ಬರಲು ಹೇಳಿ.

ಮೊದಲ ವರ್ಷ ಸ್ಪರ್ಧೆಗೆ ಕಳಿಸಬೇಡಿ. ಚೆನ್ನಾಗಿ ಹಾಡುವ ನಾಲ್ವರನ್ನು ಆರಿಸಿದ ಕೂಡಲೇ ಉಳಿದವರು ಸುಮ್ನೆ ಕೂತುಬಿಡುತ್ತಾರೆ. ದುಡಿ ಬೇಕಾದರೆ ನಮ್ಮ ಮನೆಯಲ್ಲಿ ಒಂದು ಹೆಚ್ಚಿಗೆ ಇದೆ, ಹುತ್ತರಿವರೆಗೆ ಇಟ್ಟುಕೊಳ್ಳಿ.